ಮೊಣಕಾಲಿಗೆ ಪಟ್ಟಿ ಕಟ್ಟುವ ಮುನ್ನ



ಬೀಜ, ಗೊಬ್ಬರ, ಕಳೆಗಳ ವಿಷಯ ಬರೆಯಬೇಕಾದ ಬೇಸಾಯಶಾಸ್ತ್ರದವನು ಮೊಣಕಾಲಿನ ವಿಷಯಕ್ಕೆ ಏಕೆ ಕೈಹಾಕಿದ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ನಾನು ವೈದ್ಯನಲ್ಲ, ನನ್ನ ಹೆಸರಿನ ಮುಂದಿರುವ 'ಡಾಕ್ಟರ್' ಪದವಿ ಕಳೆಗಳ ಅಭ್ಯಾಸಕ್ಕೆ ಸಿಕ್ಕದ್ದು. ಆದರೆ ಮುದ್ದೇಬಿಹಾಳ ತಾಲೂಕಿನ ನಾಲತವಾಡದ ಸುತ್ತಲಿನ ಎರೆಹೊಲಗಳಲ್ಲಿ ತಿರುಗಾಡುವಾಗ ಬೆಳೆಯ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಹೊರಡುವ ಹೊತ್ತಿಗೆ, ಬದುವಿನ ಮೇಲೆ ನಿಂತು ಕೇಳುವ ಪ್ರಶ್ನೆಯೊಂದಿದೆ: "ಸಾಹೇಬ್ರ, ಮೊಣಕಾಲಿಗೆ ಪಟ್ಟಿ ಹಾಕ್ಕೊಂಡ್ರ ಚಲೋ ಆಗ್ತದೇನ್ರಿ?"

ಒಂದು ಮುಂಗಾರಿನಲ್ಲಿ ಅಲ್ಲಿಯ ಉಳ್ಳಾಗಡ್ಡಿ ಹೊಲವೊಂದರಲ್ಲಿ ಐವತ್ತು ದಾಟಿದ ತಾಯಿಯೊಬ್ಬರು ಕುಕ್ಕುರುಗಾಲಿನಲ್ಲಿ ಕುಳಿತು ಕುರ್ಪಿಯಿಂದ ಕಳೆ ತೆಗೆಯುತ್ತಿದ್ದರು. ಸೀರೆಯ ಕೆಳಗೆ ಎರಡೂ ಮೊಣಕಾಲಿಗೆ ಕಪ್ಪು ಪಟ್ಟಿ. ಮಗ ವಿಜಯಪುರದಿಂದ ತಂದುಕೊಟ್ಟದ್ದಂತೆ. "ಹೆಂಗ ಅನಸ್ತದವ್ವಾ?" ಎಂದು ಕೇಳಿದೆ. "ಕುಂತಾಗ ಒತ್ತತೈತ್ರಿ, ನಿಂತಾಗ ಜಾರತೈತ್ರಿ. ಹೊಲಕ್ಕ ಹೋಗೂಮುಂದ ಹಾಕ್ಕೋ ಅಂದಾರ, ಅದಕ್ಕ ಹಾಕ್ಕೊಂಡೀನಿ" ಎಂದರು. ಆ ಪಟ್ಟಿಗೆ ಕೊಟ್ಟ ಹಣ ಮಗನ ಪ್ರೀತಿಗೆ ಸಲ್ಲಬೇಕೇ ಹೊರತು ಆ ಮೊಣಕಾಲಿಗೆ ಸಂದಿರಲಿಲ್ಲ.

ಮೊಣಕಾಲಿನಲ್ಲಿ ತೊಡೆಯ ಎಲುಬು ಮತ್ತು ಕೆಳಗಾಲಿನ ಎಲುಬು ಕೂಡುತ್ತವೆ. ಎರಡರ ತುದಿಗೂ ನುಣುಪಾದ, ಮೆತ್ತನೆಯ ಹೊದಿಕೆಯೊಂದಿದೆ. ಅದು ತೆಳುವಾಗುತ್ತ, ಎಲುಬಿನ ಅಂಚು ಬೆಳೆಯುತ್ತ, ಒಳಪೊರೆ ಬಾಯುತ್ತ ಬರುವ ರೋಗವನ್ನು ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ನಾವು ಕೀಲು ಸವೆತ ಎನ್ನುತ್ತೇವೆ. ಐವತ್ತರ ನಂತರ ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ಸವೆತವೆಂದ ಮಾತ್ರಕ್ಕೆ ಇದು ಚಕ್ಕಡಿಯ ಅಚ್ಚಿನಂತೆ ಸವೆದು ಮುಗಿಯುವಂಥದ್ದೆಂದು ತಿಳಿಯಬಾರದು. ಕ್ಷಕಿರಣದ ಚಿತ್ರದಲ್ಲಿ ಬಹಳ ಸವೆದಂತೆ ಕಂಡರೂ ನೋವಿಲ್ಲದೆ ನಡೆಯುವವರಿದ್ದಾರೆ. ಚಿತ್ರ ಚೆನ್ನಾಗಿದ್ದರೂ ನರಳುವವರಿದ್ದಾರೆ. ಚಿತ್ರ ನೋಡಿ ಹೆದರಿ ಹಾಸಿಗೆ ಹಿಡಿಯುವುದು ಸರಿಯಲ್ಲ.

ಇನ್ನು ಪಟ್ಟಿಯ ಮಾತು. ಅಂಗಡಿಯಲ್ಲಿ ಎಲ್ಲಕ್ಕೂ 'ನೀ ಕ್ಯಾಪ್' ಎಂದೇ ಹೆಸರಾದರೂ ಒಳಗೆ ಬೇರೆ ಬೇರೆ ಜಾತಿಗಳಿವೆ. ಕಾಲುಚೀಲದಂತೆ ಏರಿಸಿಕೊಳ್ಳುವ ಎಲಾಸ್ಟಿಕ್ ಪಟ್ಟಿ ಅತಿ ಅಗ್ಗದ್ದು. ಅದು ಮೊಣಕಾಲನ್ನು ಬೆಚ್ಚಗಿಡುತ್ತದೆ, ಕಾಲು ಹಿಡಿತದಲ್ಲಿದೆ ಎಂಬ ಧೈರ್ಯ ಕೊಡುತ್ತದೆ. ಇದರಿಂದ ಕೆಲವರಿಗೆ ನೋವು ತುಸು ತಗ್ಗುವುದುಂಟು. ಆದರೆ ಅದು ಕೀಲಿನ ಮೇಲಿನ ಭಾರವನ್ನು ಹೊರುವುದಿಲ್ಲ. ಮುಂದೆ ದುಂಡನೆಯ ತೂತು ಇರುವ ಪಟ್ಟಿ, ಮೆಟ್ಟಿಲು ಹತ್ತಿ ಇಳಿಯುವಾಗ ಚಿಪ್ಪಿನ ಹಿಂದೆ ನೋಯುವವರಿಗಾಗಿ ಮಾಡಿದ್ದು. ಮೂರನೆಯದು ಎರಡೂ ಬದಿಗೆ ಅಥವಾ ಒಂದು ಬದಿಗೆ ಗಟ್ಟಿಯಾದ ಸರಳು ಮತ್ತು ಕೀಲು ಇರುವಂಥದ್ದು. ಇದರ ಕೆಲಸ ತಿಳಿಯಲು ಚಕ್ಕಡಿಯ ಹೇರನ್ನು ನೆನೆಯಿರಿ. ಹೇರು ಒಂದೇ ಬದಿಗೆ ವಾಲಿದರೆ ಆ ಬದಿಯ ಗಾಲಿಯೇ ಮೊದಲು ಕೆಡುತ್ತದೆ; ಹೇರನ್ನು ಸರಿಸಿ ಕಟ್ಟಿದರೆ ಚಕ್ಕಡಿ ಇನ್ನಷ್ಟು ದೂರ ಹೋಗುತ್ತದೆ. ಕಾಲು ಬಿಲ್ಲಿನಂತೆ ಹೊರಬಾಗಿ, ಒಳಬದಿಯಷ್ಟೇ ಸವೆದವರಲ್ಲಿ ಈ ಪಟ್ಟಿ ಮೂರು ಕಡೆ ಒತ್ತಿ, ಒಳಬದಿಯ ಭಾರದಲ್ಲಿ ಸ್ವಲ್ಪ ಪಾಲನ್ನು ಹೊರಬದಿಗೆ ಸರಿಸುತ್ತದೆ. ಬೆಲೆ ಹೆಚ್ಚು, ಅಳತೆ ತಪ್ಪಿದರೆ ಉಪಯೋಗವಿಲ್ಲ. ಎಲುಬಿನ ವೈದ್ಯರು ಅಥವಾ ಫಿಜಿಯೋಥೆರಪಿಯವರು ಕಾಲು ನೋಡಿ ಹೇಳದೆ ಇದನ್ನು ಕೊಳ್ಳಬೇಡಿರಿ.

ಪಟ್ಟಿಯ ವಿಷಯದಲ್ಲಿ ಬಲ್ಲವರೇ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಅಮೆರಿಕದ ಸಂಧಿರೋಗ ತಜ್ಞರ ಸಂಘ 2020ರಲ್ಲಿ ಪ್ರಕಟಿಸಿದ ಸಲಹೆಯಲ್ಲಿ, ಮೊಣಕಾಲಿನ ರೋಗದಿಂದ ನಡಿಗೆ, ಸ್ಥಿರತೆ ಅಥವಾ ನೋವು ಬಹಳ ಕೆಟ್ಟಿರುವವರಿಗೆ ಪಟ್ಟಿಯನ್ನು ಬಲವಾಗಿಯೇ ಶಿಫಾರಸು ಮಾಡಿದೆ. ಇಂಗ್ಲೆಂಡಿನ ಆರೋಗ್ಯ ಸಲಹಾ ಸಂಸ್ಥೆ 2022ರಲ್ಲಿ, ಎಲ್ಲರಿಗೂ ವಾಡಿಕೆಯಾಗಿ ಪಟ್ಟಿ ಕೊಡಬೇಡಿರಿ ಎಂದಿತು. ಕೀಲು ಅಸ್ಥಿರವಾಗಿದ್ದು ಅಥವಾ ಭಾರ ಅಡ್ಡಾದಿಡ್ಡಿ ಬೀಳುತ್ತಿದ್ದು, ಪಟ್ಟಿಯ ಆಸರೆಯಿಲ್ಲದೆ ವ್ಯಾಯಾಮ ಸಾಧ್ಯವಾಗದಿದ್ದರೆ ಮಾತ್ರ ಕೊಡಬಹುದು ಎಂದು ಹೇಳಿತು. ಎರಡನ್ನೂ ಕೂಡಿಸಿ ಓದಿದರೆ ನನಗೆ ತೋರುವುದಿಷ್ಟು: ಪಟ್ಟಿ ಊರುಗೋಲಿನ ಜಾತಿಯದು. ಬೇಕಾದವರಿಗೆ ಬಹಳ ಬೇಕು, ಎಲ್ಲರಿಗೂ ಬೇಕಿಲ್ಲ. ಅದನ್ನು ಕಟ್ಟಿಕೊಂಡು ನಡೆದರೆ ಉಪಯೋಗ, ಕಟ್ಟಿಕೊಂಡು ಕುಳಿತರೆ ಇಲ್ಲ.

ಕಟ್ಟುವುದಾದರೆ ಸರಿಯಾಗಿ ಕಟ್ಟಬೇಕು. ಈ ಪಾಠವನ್ನು ನಾನು ಸ್ವಂತ ಕಾಲಿನ ಮೇಲೆಯೇ ಕಲಿತೆ. ಎಡಗಾಲು ನೋಯತೊಡಗಿದಾಗ ಅಂಗಡಿಯಲ್ಲಿ 'ಮೀಡಿಯಮ್ ಕೊಡಿರಿ' ಎಂದು ಅಂಗಿಯಂತೆ ಕೊಂಡು, ಬಿಗಿಯಾಗಿ ಏರಿಸಿ, ಪ್ರಾತ್ಯಕ್ಷಿಕೆಯ ಹೊಲಕ್ಕೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಪಾದ ಜುಮುಗುಟ್ಟತೊಡಗಿತು. ರೈತರ ಎದುರಿಗೇ ಕುಳಿತು ಬಿಚ್ಚಬೇಕಾಯಿತು. ಆದ್ದರಿಂದ ನಿಂತುಕೊಂಡು ಮೊಣಕಾಲಿನ ಸುತ್ತಳತೆ ತೆಗೆದು, ಪೊಟ್ಟಣದ ಮೇಲಿನ ಅಳತೆಗೆ ಹೊಂದಿಸಿ ಕೊಳ್ಳಿರಿ. ನಡೆಯುವಾಗ, ನಿಂತು ಕೆಲಸ ಮಾಡುವಾಗ ಹಾಕಿಕೊಳ್ಳಿರಿ, ಮಲಗುವಾಗ ಬಿಚ್ಚಿರಿ. ಮೀನಖಂಡ ಬಾತರೆ, ಪಾದ ತಣ್ಣಗಾದರೆ, ಬಣ್ಣ ಬದಲಾದರೆ ಕೂಡಲೇ ತೆಗೆಯಬೇಕು. ನಮ್ಮ ಬಿಸಿಲಿನಲ್ಲಿ ಬೆವರು, ಎರೆಮಣ್ಣಿನ ಧೂಳು ಎರಡೂ ಒಳಗೆ ಸೇರಿ ತುರಿಕೆ ಏಳುತ್ತದೆ. ದಿನವೂ ತೊಳೆದು ನೆರಳಿನಲ್ಲಿ ಒಣಗಿಸಿರಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು, ಕಾಲಿನ ರಕ್ತನಾಳ ಉಬ್ಬಿದವರು ವೈದ್ಯರನ್ನು ಕೇಳದೆ ಯಾವ ಪಟ್ಟಿಯನ್ನೂ ಕಟ್ಟಬಾರದು.

ಪಟ್ಟಿಗಿಂತ ಮೇಲಾದ ಆಸರೆ ನಿಮ್ಮ ತೊಡೆಯಲ್ಲೇ ಇದೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಿದ್ದರೆ ಕೀಲಿಗೆ ಬೀಳುವ ಪೆಟ್ಟನ್ನು ಅದು ತಡೆಯುತ್ತದೆ. ಕಟ್ಟೆಯ ಮೇಲೆ ಕುಳಿತು ಒಂದು ಕಾಲನ್ನು ನೇರ ಚಾಚಿ, ಐದರಿಂದ ಹತ್ತು ಎಣಿಸುವವರೆಗೆ ಹಿಡಿದು ಇಳಿಸಿರಿ. ಪ್ರತಿ ಕಾಲಿಗೆ ಹತ್ತು ಸಲ, ಮುಂಜಾನೆ ಮತ್ತು ಸಂಜೆ. ಕಾಸು ಖರ್ಚಿಲ್ಲದ ಔಷಧವಾದ್ದರಿಂದಲೇ ಇದಕ್ಕೆ ಬೆಲೆ ಕಡಿಮೆಯಾಗಿದೆಯೋ ಏನೋ. ಮೈಭಾರ ಹೆಚ್ಚಿದ್ದವರು ಇಳಿಸಬೇಕು: 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಭ್ಯಾಸದ ಪ್ರಕಾರ, ಇಳಿದ ಪ್ರತಿಯೊಂದು ಕಿಲೋ ಮೈಭಾರಕ್ಕೆ ಹೆಜ್ಜೆ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕೋಲು ಹಿಡಿಯುವುದಾದರೆ ನೋಯುವ ಕಾಲಿನ ಬದಿಗಲ್ಲ, ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಇದನ್ನು ಹತ್ತರಲ್ಲಿ ಎಂಟು ಜನ ತಿರುವುಮುರುವು ಮಾಡುವುದನ್ನು ಸಂತೆಯಲ್ಲಿ ನಿಂತು ನೋಡಿದ್ದೇನೆ.

ನೋವಿನ ಗುಳಿಗೆಯನ್ನು ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಮೊಣಕಾಲು ಬಿಸಿಯಾಗಿ ಬಾತು ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಕೀಲು ನಡುವೆಯೇ ಸಿಕ್ಕಿಕೊಂಡರೆ ಪಟ್ಟಿ ಹುಡುಕುತ್ತ ಕೂಡದೆ ಆಸ್ಪತ್ರೆಗೆ ಹೋಗಬೇಕು. ಇನ್ನು ಕೀಲು ಬದಲಿಸುವ ಶಸ್ತ್ರಕ್ರಿಯೆಗೆ ಅಂಜುವವರು ಬಹಳ. ಪ್ರಧಾನಮಂತ್ರಿಯಾಗಿದ್ದಾಗಲೇ ಅಟಲ್ ಬಿಹಾರಿ ವಾಜಪೇಯಿಯವರು 2000ದಲ್ಲಿ ಒಂದು, 2001ರಲ್ಲಿ ಇನ್ನೊಂದು ಮೊಣಕಾಲಿನ ಕೀಲು ಬದಲಿಸಿಕೊಂಡು ಮತ್ತೆ ಕೆಲಸಕ್ಕೆ ನಿಂತರು. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಕೃತಕ ಕೀಲುಗಳ ಬೆಲೆಗೆ ಮಿತಿಯನ್ನೂ ಹಾಕಿದೆ. ಉಳಿದದ್ದೆಲ್ಲ ಮಾಡಿ ಸೋತವರಿಗೆ ಅದೊಂದು ದಾರಿ, ಮೊದಲ ದಾರಿಯಲ್ಲ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ, ಮತ್ತು ಇಲ್ಲಿ ತಪ್ಪು ಒಪ್ಪಿಕೊಳ್ಳುವುದೂ ಇದೆ. ಚೀನಾದ ಬೀಜಿಂಗಿನಲ್ಲಿ ವಯಸ್ಸಾದವರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಭ್ಯಾಸವೊಂದಿದೆ. ಇಪ್ಪತ್ತೈದರ ಹರೆಯದಲ್ಲಿ ದಿನಕ್ಕೆ 3 ಗಂಟೆ ಅಥವಾ ಹೆಚ್ಚು ಕುಕ್ಕುರುಗಾಲಿನಲ್ಲಿ ಕೂಡುತ್ತಿದ್ದವರಲ್ಲಿ, ಅರ್ಧ ಗಂಟೆಗಿಂತ ಕಡಿಮೆ ಕೂಡುತ್ತಿದ್ದವರಿಗಿಂತ ಮೊಣಕಾಲು ಸವೆತದ ಸಂಭವ ಸುಮಾರು ಎರಡು ಪಟ್ಟು ಎಂದು ಅದು ತೋರಿಸಿತು. ನಮ್ಮ ಹೊಲಗಳಲ್ಲಿ ಕಳೆ ತೆಗೆಯುವವರು ಕೂಡುವುದು ಎಷ್ಟು ತಾಸು? ಮುಂಜಾನೆ ಬುತ್ತಿ ಕಟ್ಟಿಕೊಂಡು ಹೋದವರು ಹೊತ್ತು ಇಳಿಯುವವರೆಗೆ. ಮನೆಗೆ ಬಂದ ಮೇಲೆ ಒಲೆಯ ಮುಂದೆ, ಬಚ್ಚಲಲ್ಲಿ, ಎಮ್ಮೆಯ ಕೆಚ್ಚಲಿನ ಬಳಿ ಮತ್ತೆ ಅದೇ ಕುಕ್ಕುರುಗಾಲು. ಐವತ್ತೈದರಲ್ಲಿ ಕಾಣುವ ನೋವಿನ ಬಿತ್ತನೆ ಇಪ್ಪತ್ತೈದರಲ್ಲೇ ಆಗಿರುತ್ತದೆ.

'ಬಿತ್ತಿದ 20 ಮತ್ತು 40 ದಿನಗಳಿಗೆ ಕೈಯಿಂದ ಕಳೆ ತೆಗೆಯತಕ್ಕದ್ದು' ಎಂಬ ವಾಕ್ಯವನ್ನು ನಾನೇ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಹೆಕ್ಟೇರಿಗೆ ಎಷ್ಟು ಆಳು, ಎಷ್ಟು ಕೂಲಿ, ಎಷ್ಟು ಇಳುವರಿ ಎಂದು ಕೋಷ್ಟಕ ಹಾಕಿದೆವು. ಆಳಿನ ಲೆಕ್ಕ ಬಂತು, ಕಾಲಿನ ಲೆಕ್ಕ ಬರಲಿಲ್ಲ.

ಸಾಲು ಬಿತ್ತನೆಯ ಜೋಳ, ತೊಗರಿ, ಸೂರ್ಯಕಾಂತಿಗಳಲ್ಲಿ ಕೂತು ಕಳೆ ತೆಗೆಯುವ ಕೆಲಸವನ್ನು ಬಹುಪಾಲು ತಪ್ಪಿಸಬಹುದು. ಜೋಳಕ್ಕೆ 45 ಸೆಂ.ಮೀ. ಸಾಲು, ತೊಗರಿಗೆ 90 ಸೆಂ.ಮೀ. ಅಥವಾ ಹೆಚ್ಚು ಇದ್ದಲ್ಲಿ ಎತ್ತಿನ ಎಡೆಕುಂಟೆ ಹಾಯುತ್ತದೆ. ಎತ್ತು ಮಾರಿದವರಿಗೆ ಸೈಕಲ್ ಎಡೆಕುಂಟೆ ಇದೆ, ನಿಂತು ದೂಡಬಹುದು. ಗಿಡದ ಬುಡದ ಕಳೆ ಮಾತ್ರ ಕೈಗೆ ಉಳಿಯುತ್ತದೆ. ಇದರಿಂದ ನೆಲದ ಬಿರುಕು ಮುಚ್ಚಿ ತೇವ ಉಳಿಯುವುದು ಇನ್ನೊಂದು ಲಾಭ. 1930ರ ದಶಕದಲ್ಲಿ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ನಡೆದಾಗಿನಿಂದ ಎಡೆ ಹೊಡೆಯಿರಿ ಎಂದು ಹೇಳುತ್ತ ಬಂದಿರುವುದು ಈ ಕಾರಣಕ್ಕೇ. ಒಂದು ಎಚ್ಚರಿಕೆ: ಎರೆಭೂಮಿ ಹಸಿಯಿದ್ದಾಗ ಕುಡಕ್ಕೆ ಮೆತ್ತುತ್ತದೆ, ಒಣಗಿದಾಗ ಕಲ್ಲಾಗುತ್ತದೆ. ಹದ ಇರುವ ಎರಡು ಮೂರು ದಿನ ನೋಡಿ, ಕಳೆ ಎರಡು ಮೂರು ಎಲೆಯಿದ್ದಾಗಲೇ ದೂಡಬೇಕು. ಕಳೆ ಮೊಣಕಾಲೆತ್ತರ ಬಂದ ಮೇಲೆ ಕುಂಟೆಯನ್ನು ಬೈದು ಫಲವಿಲ್ಲ.

ಉಳ್ಳಾಗಡ್ಡಿಯದು ಕಠಿಣ ಪ್ರಶ್ನೆ. ಸಾಲು ಒತ್ತೊತ್ತು, ಕುಂಟೆ ಹೋಗದು. ಸಸಿ ಹಚ್ಚುವಾಗಲೇ ನಾಲ್ಕೈದು ಸಾಲಿಗೊಮ್ಮೆ ಒಂದು ಅಗಲ ಸಾಲು ಬಿಟ್ಟರೆ, ಕಳೆ ತೆಗೆಯುವವರು ಗೇಣೆತ್ತರದ ಮಣೆಯೊಂದನ್ನು ಸರಿಸುತ್ತ ಅದರ ಮೇಲೆ ಕುಳಿತು ಕೆಲಸ ಮಾಡಬಹುದು. ಮೊಣಕಾಲು ಪೂರ್ತಿ ಮಡಚುವುದು ತಪ್ಪುತ್ತದೆ. ಜಾಗ ಹೋಯಿತಲ್ಲ ಎನ್ನುವವರಿದ್ದಾರೆ. ಹೌದು, ಸ್ವಲ್ಪ ಹೋಗುತ್ತದೆ. ಮೊಳಕೆಗೆ ಮುನ್ನ ಹೊಡೆಯುವ ಕಳೆನಾಶಕಗಳೂ ಇವೆ. ಉಳ್ಳಾಗಡ್ಡಿಗೆ ಮಂಜೂರಾದದ್ದು ಯಾವುದು, ಪ್ರಮಾಣ ಎಷ್ಟು ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಲೇಬಲ್ಲು ಓದಿಯೇ ಬಳಸಿರಿ. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲು ಕೂಲಿಯವರಿಗೆ ಅವಕಾಶ ಕೊಡಿರಿ. ಅದನ್ನು ಮೈಗಳ್ಳತನವೆಂದು ಎಣಿಸುವ ಹೊಲದೊಡೆಯರನ್ನು ನಾನು ಬಲ್ಲೆ. ಅವರ ಮನೆಯವರ ಮೊಣಕಾಲನ್ನೂ ಬಲ್ಲೆ.

ಔಷಧ ಸಿಂಪಡಿಸುವ ಪಂಪು ಕೆಟ್ಟರೆ ಅದೇ ವಾರ ಹೊಸದು ಬರುತ್ತದೆ, ಏಕೆಂದರೆ ಅದನ್ನು ಹೊರುವವರು ಗಂಡಸರು. ಕಳೆಯ ಕುರ್ಪಿ ಅಜ್ಜಿಯ ಕಾಲದಿಂದ ಬದಲಾಗಿಲ್ಲ, ಏಕೆಂದರೆ ಅದನ್ನು ಹಿಡಿಯುವವರು ಹೆಂಗಸರು. ನಾಲತವಾಡದ ಆ ತಾಯಿಯ ಮಗನಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪಟ್ಟಿ ತರುವ ಮೊದಲು ವೈದ್ಯರಿಗೆ ಕಾಲು ತೋರಿಸು. ತಂದರೆ ನಡೆಯುವಾಗ ಹಾಕಿಸು, ಕೂಡುವಾಗ ಬಿಚ್ಚಿಸು. ಸೈಕಲ್ ಎಡೆಕುಂಟೆಯನ್ನು ಹಳೆಯ ಸೈಕಲ್ಲಿನ ಗಾಲಿಯಿಂದ ಊರ ಕಮ್ಮಾರರೇ ಮಾಡಿಕೊಡಬಲ್ಲರು. ಹಿಡಿಕೆ ದೂಡುವವರ ಸೊಂಟಕ್ಕಿಂತ ತುಸು ಮೇಲಿರಬೇಕು. ಗಂಡಸಿನ ಅಳತೆಗೆ ಮಾಡಿದ್ದು ಹೆಂಗಸಿನ ಭುಜಕ್ಕೆ ಭಾರ. ಆದ್ದರಿಂದ ಕುಂಟೆ ಮಾಡಿಸಲು ಹೋಗುವಾಗ ಅದನ್ನು ದೂಡುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅವರನ್ನು ನಿಲ್ಲಿಸಿ ಅಳತೆ ಕೊಡಿರಿ.