ಬೂದಿಯ ಲೆಕ್ಕ

ಹಾಸ್ಟೆಲಿನ ಗೆಳೆಯರೆ,

ಖನಿಜ ಸಂಪತ್ತು ರಾಷ್ಟ್ರದ ಸಂಪತ್ತು ಅಂತ ಭೂಗೋಳದ ಪಾಠದಲ್ಲಿ ನಾವೆಲ್ಲ ಬಾಯಿಪಾಠ ಮಾಡಿ ಮಾರ್ಕು ತಗೊಂಡಿದ್ದೇವೆ. ಸಂಡೂರಿನ ಕೆಂಪು ಗುಡ್ಡದ ಬುಡದಲ್ಲೇ ಹುಟ್ಟಿದ ನಾವು ಈ ರಾಷ್ಟ್ರಕ್ಕೆ ಏನಾಗಬೇಕು ಅಂತ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ, ನಾವೂ ಕೇಳಲಿಲ್ಲ. ಈಗ ಕೇಳೋಣ.

ನಮ್ಮ ಸೀಮೆಯಲ್ಲಿ ಕಬ್ಬಿಣದ ಅದಿರು ಇದೆ, ಮ್ಯಾಂಗನೀಸ್ ಇದೆ. ಕಲ್ಲಿದ್ದಲು ಮಾತ್ರ ಒಂದು ಬೊಗಸೆಯೂ ಇಲ್ಲ. ಇಡೀ ಕರ್ನಾಟಕದಲ್ಲೇ ಕಲ್ಲಿದ್ದಲ ಗಣಿ ಇಲ್ಲ. ಆದರೆ ಹೊಸಪೇಟೆಯಿಂದ ಬಳ್ಳಾರಿಗೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ನೋಡ್ರಿ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ. ಅಲ್ಲಿ ಕುಲುಮೆಯ ಅನಿಲವನ್ನೂ ಇದ್ದಲನ್ನೂ ಉರಿಸಿ ಕರೆಂಟು ಮಾಡುತ್ತಾರೆ. ಮುಂದೆ ಕುಡಿತಿನಿಯಲ್ಲಿ ಸರ್ಕಾರದ ವಿದ್ಯುತ್ ನಿಗಮದ ಉಷ್ಣ ಸ್ಥಾವರ. ಮೂರು ಘಟಕ: 500, 500, 700, ಒಟ್ಟು 1700 ಮೆಗಾವ್ಯಾಟ್. ಇದ್ದಲು ರೈಲಿನಲ್ಲಿ ಬರಬೇಕು, ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದಿಂದ. ನಮ್ಮ ಅದಿರು ಹೋಗುವ ಹಳಿಯ ಮೇಲೇ ಬೇರೆಯವರ ಊರು ಅಗೆದ ಇದ್ದಲು ಬರ್ತದೆ. ಅಲ್ಲಿ ನೆಲ ಕಳಕೊಂಡ ಆದಿವಾಸಿಯೂ ಇಲ್ಲಿ ಧೂಳು ಕುಡಿದ ನಾವೂ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಒಂದು ಲೆಕ್ಕ ಮಾಡೋಣ, ಸೈನ್ಸ್ ಓದೋರು ಪೆನ್ನು ತಗೊಳ್ರಿ. 500 ಮೆಗಾವ್ಯಾಟಿನ ಒಂದು ಘಟಕ ದಿನವಿಡೀ ಪೂರ್ತಿ ಓಡಿದರೆ 1 ಕೋಟಿ 20 ಲಕ್ಷ ಯೂನಿಟ್. ಒಂದು ಯೂನಿಟ್ಟಿಗೆ ಸುಮಾರು 650 ಗ್ರಾಂ ಇದ್ದಲು ಅಂತ ಹಿಡಿಯಿರಿ. ದಿನಕ್ಕೆ 7,800 ಟನ್ ಆಯ್ತು. ನಮ್ಮ ದೇಶದ ಇದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿಯೇ. 35 ಅಂದರೂ ದಿನಕ್ಕೆ 2,730 ಟನ್. ಲಾರಿಗೆ 16 ಟನ್ನಿನಂತೆ 170 ಲಾರಿ ಬೂದಿ. ಒಂದು ಘಟಕಕ್ಕೆ, ಒಂದು ದಿನಕ್ಕೆ! ಕರೆಂಟು ತಂತಿ ಹತ್ತಿ ದೂರದ ಪಟ್ಟಣಕ್ಕೆ ಹೋಗ್ತದೆ. ಬೂದಿಗೆ ತಂತಿ ಇಲ್ಲ. ಅದು ಬಿದ್ದಲ್ಲೇ ಬೀಳ್ತದೆ.

ಕುಡಿತಿನಿಗೆ ಬೂದಿ ಹೊಸದಲ್ಲ. ಅಲ್ಲಿ ಸಾವಿರಾರು ವರ್ಷ ಹಳೆಯ ಬೂದಿ ದಿಬ್ಬ ಇದೆ. ಹಂಪಿ ಹತ್ತಿರದ ನಿಂಬಾಪುರದಲ್ಲೂ ಒಂದಿದೆ. ಅದು ವಾಲಿಯನ್ನು ಸುಟ್ಟ ಬೂದಿಯಂತೆ! ಪುರಾಣ ಹೇಳೋರಿಗೆ ಬೂದಿ ಕಂಡರೂ ಸಾಕು, ಒಬ್ಬ ನಮ್ಮವನನ್ನು ಅದರಲ್ಲಿ ಸುಟ್ಟುಬಿಡುತ್ತಾರೆ. 1950ರ ದಶಕದಲ್ಲಿ ರೇಮಂಡ್ ಆಲ್ಚಿನ್ ಎಂಬ ವಿದ್ವಾಂಸ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬ ಅಗೆದ. ಸಿಕ್ಕಿದ್ದು ದನದ ದೊಡ್ಡಿಯ ಗುರುತು, ಸುಟ್ಟ ಸಗಣಿ. ಕಲ್ಲಿನ ಕೊಡಲಿ ಕಾಲದ ದನಗಾಹಿಗಳು ಬಿಟ್ಟುಹೋದ ಗುಡ್ಡೆ. ದನ ಕಾದವರ, ಸಗಣಿ ಬಾಚಿದವರ ಚರಿತ್ರೆಯನ್ನು ರಾಕ್ಷಸರ ಹೆಣದ ಕಥೆಯೊಳಗೆ ಹೂತಿದ್ದರು. ಈಗ ಅದೇ ಕುಡಿತಿನಿಯಲ್ಲಿ ಎರಡನೇ ಬೂದಿ ಏಳ್ತಾ ಇದೆ. ಇದಕ್ಕೆ ಯಾವ ಕಥೆ ಕಟ್ಟಿದ್ದಾರೆ ಗೊತ್ತೆ? ಅಭಿವೃದ್ಧಿ.

ನೀರಿನ ಕರೆಂಟಿಗೆ ಬೂದಿ ಇಲ್ಲ, ನಿಜ. ತುಂಗಭದ್ರಾ ಅಣೆಯ ಬಲದಂಡೆಯ ಎರಡು ವಿದ್ಯುತ್ ಮನೆ, ಹಂಪಿಯದೂ ಸೇರಿ 72 ಮೆಗಾವ್ಯಾಟ್. ಅದರಲ್ಲೂ ಕರ್ನಾಟಕಕ್ಕೆ ನೂರಕ್ಕೆ 20. ಅಲ್ಲಿ ಬೂದಿಯ ಬದಲು ಊರುಗಳು ಮುಳುಗಿದವು.

ಹಾಗಂತ ಕರೆಂಟೇ ಬೇಡ, ಹಣತೆ ಹಚ್ಚಿ ಅನ್ನುವ ಹೊಟ್ಟೆ ತುಂಬಿದವರ ಹಾಡು ನಮ್ಮದಲ್ಲ. 1942ರಿಂದ 46ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನಡೆಸಿದ ಬಾಬಾಸಾಹೇಬರ ಕೈಯಲ್ಲೇ ವಿದ್ಯುತ್ತಿನ ವಿಷಯವೂ ಇತ್ತು. ಕೈಗಾರಿಕೆ ಬೆಳೆಯದೆ ಬಡತನ ಹೋಗದು, ಅಗ್ಗದ ವಿದ್ಯುತ್ ಇಲ್ಲದೆ ಕೈಗಾರಿಕೆ ಬೆಳೆಯದು ಅಂತ 1943ರಲ್ಲೇ ಅವರು ವಾದಿಸಿದರು. ಅದೇ ವರ್ಷ ಧನಬಾದಿಗೆ ಹೋಗಿ ಗಣಿಯ ಒಳಕ್ಕೆ ಇಳಿದು ಕೂಲಿಗಳನ್ನು ಕಂಡರು. ಕರೆಂಟು ನಮಗೂ ಬೇಕು. ಹಾಸ್ಟೆಲಿನ ರೂಮಿಗೆ ಬೇಕು, ಅವ್ವನ ಅಡಿಗೆಮನೆಗೆ ಬೇಕು. ಬೂದಿ ಮಾತ್ರ ನಮಗೆ, ಬೆಳಕಿನ ಯಜಮಾನಿಕೆ ಅವರಿಗೆ ಅನ್ನುವ ಪಾಲುಪಟ್ಟಿಗೆ ನಾವು ಹೆಬ್ಬೆಟ್ಟು ಒತ್ತೋದಿಲ್ಲ.

ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು ಇದೆ ಅಂತಾರೆ. ಇರಲಿ, ರೈತನಿಗೆ ಕೊಡಲಿ. ಆದರೆ ಕಂಪ್ಲಿಯ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಲ್ಲಿ ಭತ್ತ ನಾಟಿ ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಗುಂಟೆ ಹೊಲ ಇಲ್ಲ, ಪಂಪ್‌ಸೆಟ್ಟು ಎಲ್ಲಿಂದ ಬರಬೇಕು? 2023ರಿಂದ ಮನೆಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ, ಒಳ್ಳೇದೇ ಆಯ್ತು. ಎರಡು ಬಲ್ಬು, ಒಂದು ಫ್ಯಾನು ಇರುವ ಮನೆ ಅದರಲ್ಲಿ ಎಷ್ಟು ಸುಡುತ್ತೆ?

ಕಾನೂನಿನ ಮಾತಿಗೆ ಬರೋಣ. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಲೂಟಿ ಹೊಡೆದವರ ಹೆಸರು ಪೇಪರಲ್ಲಿ ಬಂತು. ಕೆಲಸ ಹೋದ ಗಣಿಕೂಲಿಯ ಹೆಸರು ಎಲ್ಲೂ ಬರಲಿಲ್ಲ. 2015ರಲ್ಲಿ ಗಣಿ ಕಾಯ್ದೆ ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ನಿಧಿ ಮಾಡಿದರು. ಗಣಿಯಿಂದ ನೊಂದವರ ನೀರು, ಆರೋಗ್ಯ, ಓದಿಗೆ ಮೊದಲು ಖರ್ಚಾಗಬೇಕು ಅಂತ ನಿಯಮ. ಬೂದಿಗೂ 2021ರ ಕೇಂದ್ರದ ಅಧಿಸೂಚನೆ ಇದೆ: ಬಳಸದೆ ಉಳಿಸಿದ ಬೂದಿಗೆ ಟನ್ನಿಗೆ 1,000 ರೂಪಾಯಿ ದಂಡ. ನೊಂದವರು ಅಂದರೆ ಯಾರು, ಪಟ್ಟಿ ಮಾಡಿದವರು ಯಾರು? ಊರ ಮುಂದಿನ ರಸ್ತೆ, ಕಮಾನು ಇವಕ್ಕೆ ಹೋದದ್ದೆಷ್ಟು, ಕೇರಿಯ ನಲ್ಲಿಗೆ ಬಂದದ್ದೆಷ್ಟು? ಖಾಸಗಿ ಕಾರ್ಖಾನೆಗೆ ಮೀಸಲಾತಿ ಇಲ್ಲ ಅಂತ ಬಾಗಿಲಲ್ಲೇ ಹೇಳಿಬಿಡುತ್ತಾರೆ. ಸರಿ, ಬೂದಿ ತುಂಬುವ ಗುತ್ತಿಗೆ ಕೆಲಸದಲ್ಲಿ ಯಾವ ಜಾತಿಯವರು ಎಷ್ಟು, ಕಂಟ್ರೋಲ್ ರೂಮಿನ ಎ.ಸಿ.ಯಲ್ಲಿ ಎಷ್ಟು?

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಒಂದು ಹಾಸ್ಟೆಲಿನಿಂದ ಹತ್ತು ಅರ್ಜಿ ಹೋಗಲಿ. ಸಂಡೂರಿನವರು ಖನಿಜ ನಿಧಿಯ ಬಗ್ಗೆ, ಕಂಪ್ಲಿ, ಕುಡಿತಿನಿ ಕಡೆಯವರು ಬೂದಿಯ ಬಗ್ಗೆ ಬರೆಯಿರಿ. ರಜೆಗೆ ಊರಿಗೆ ಹೋದವರು ಕೇರಿಯ ನೀರಿನ ಟ್ಯಾಂಕಿನ ಮೇಲೆ ಕೈಯಾಡಿಸಿ ನೋಡಿ, ಕೈಗೆ ಹತ್ತಿದ್ದು ಕೆಂಪೋ ಬೂದಿಯೋ ಬರೆದುಕೊಂಡು ಬನ್ನಿ. ಬಂದ ಉತ್ತರಗಳನ್ನೆಲ್ಲ ಮುಂದಿನ ಸಭೆಯಲ್ಲಿ ಜೋರಾಗಿ ಓದೋಣ.