ಡೆಲವೇರ್ ನದಿಯ ಎರಡು ದಡಗಳು: ಗೃಹಶಿಕ್ಷಣದ ಕಾಯಿದೆಗಳನ್ನು ಕುರಿತು



ಅಮೆರಿಕದಲ್ಲಿ ನೆಲಸಿ, ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ವಿದ್ಯಾಭ್ಯಾಸ ಮಾಡಿಸುತ್ತಿರುವ ಕನ್ನಡ ಕುಟುಂಬಗಳು ಒಂದು ರಾಜ್ಯದಿಂದ ಮತ್ತೊಂದಕ್ಕೆ ಬಿಡಾರ ಬದಲಿಸುವ ಮೊದಲು ಆಯಾ ರಾಜ್ಯದ ಕಾಯಿದೆಗಳನ್ನು ಹೋಲಿಸಿ ನೋಡಬೇಕೆಂದು ಹೇಳುವ ಲೇಖನವೊಂದು ತಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಪ್ರಕಟವಾಗಿದ್ದಿತು. ಹೋಲಿಸಿ ನೋಡಬೇಕೆಂಬ ಮಾತಿನಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಲೇಖಕರು ದೇಶದ ನಕ್ಷೆಗೆ ಬಣ್ಣ ಬಳಿದು, ನಿಯಮಗಳೇ ಇಲ್ಲದ ರಾಜ್ಯಗಳು ಉತ್ತಮವೆಂದೂ ನಿಯಮಗಳು ಹೆಚ್ಚಿರುವ ರಾಜ್ಯಗಳು ವರ್ಜ್ಯವೆಂದೂ ವಿಂಗಡಿಸಿ, ಉದ್ಯೋಗದಲ್ಲಿ ಆಯ್ಕೆಯುಳ್ಳವರು ಮೊದಲನೆಯ ಗುಂಪಿನ ಕಡೆಗೇ ಮುಖಮಾಡುವುದು ವಿವೇಕವೆಂದು ಉಪದೇಶಿಸಿರುವುದನ್ನು ಓದಿದ ಮೇಲೆ, ಇದೇ ಹಾದಿಯಲ್ಲಿ ಹಲವು ವರ್ಷ ನಡೆದ ತಾಯಿಯೊಬ್ಬಳಾಗಿ ನಾನು ಸುಮ್ಮನಿರಲಾರದೆ ಈ ಪತ್ರವನ್ನು ಬರೆಯಬೇಕಾಗಿದೆ.

ಈ ದೇಶದ ಸಂವಿಧಾನದಲ್ಲಿ ವಿದ್ಯಾಭ್ಯಾಸದ ಪ್ರಸ್ತಾಪವೇ ಇಲ್ಲ. ಅದು ಸಂವಿಧಾನ ದತ್ತವಾದ ಮೂಲಭೂತ ಹಕ್ಕಲ್ಲವೆಂದು ಇಲ್ಲಿಯ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿಯೇ ತೀರ್ಪಿತ್ತಿರುವುದರಿಂದ, 1852ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಕಡ್ಡಾಯ ಶಿಕ್ಷಣದ ಮೊದಲ ಶಾಸನವನ್ನು ಮಾಡಿದಂದಿನಿಂದ ಈವರೆಗೂ ಈ ವಿಷಯದಲ್ಲಿ ಪ್ರತಿಯೊಂದು ರಾಜ್ಯದ ದಾರಿಯೂ ಬೇರೆಯಾಗಿಯೇ ಉಳಿದಿದೆ. ನ್ಯೂಯಾರ್ಕಿನಲ್ಲಿ ವರ್ಷಾರಂಭದಲ್ಲಿ ಪಾಠಯೋಜನೆಯನ್ನೂ, ಮೂರು ತಿಂಗಳಿಗೊಮ್ಮೆ ವರದಿಯನ್ನೂ, ವರ್ಷಾಂತ್ಯದಲ್ಲಿ ಮೌಲ್ಯಮಾಪನವನ್ನೂ ಒಪ್ಪಿಸಬೇಕು. ಟೆಕ್ಸಸ್ಸಿನಲ್ಲಿ ಯಾರಿಗೂ ಒಂದು ಸಾಲಿನ ತಿಳಿವಳಿಕೆಯನ್ನೂ ಕೊಡಬೇಕಾಗಿಲ್ಲ. ಓಹಾಯೋ ರಾಜ್ಯವಾದರೋ ಅದುವರೆಗೆ ಕೇಳುತ್ತಿದ್ದ ವಾರ್ಷಿಕ ಮೌಲ್ಯಮಾಪನವನ್ನು 2023ರಲ್ಲಿ ಕೈಬಿಟ್ಟಿತು. ಇವೆಲ್ಲವೂ ಲೇಖನದಲ್ಲಿ ಬಂದಿರುವ ಸಂಗತಿಗಳೇ ಆದುದರಿಂದ ನಾನು ವಿಸ್ತರಿಸುವುದಿಲ್ಲ. ನಾನು ಕಣ್ಣಾರೆ ಬಲ್ಲದ್ದು ಎರಡು ರಾಜ್ಯಗಳನ್ನು, ನ್ಯೂಜೆರ್ಸಿಯನ್ನು ಮತ್ತು ಪೆನ್ಸಿಲ್ವೇನಿಯವನ್ನು. ನಮ್ಮ ಜನ ಗುಂಪುಗುಂಪಾಗಿ ನೆಲಸಿರುವುದೂ, ಕೆಲಸ ಬದಲಾದಾಗ ಅತ್ತಿಂದಿತ್ತ ಓಡಾಡುವುದೂ ಇವೆರಡರ ನಡುವೆಯೇ.

ಇವೆರಡನ್ನೂ ಬೇರ್ಪಡಿಸುವುದು ಡೆಲವೇರ್ ನದಿ. ಟ್ರೆಂಟನ್ ನಗರದ ಸೇತುವೆಯ ಮೇಲೆ ನಡೆದು ಹೋದರೂ ಕೆಲವೇ ನಿಮಿಷಗಳಲ್ಲಿ ಆಚೆಯ ದಡ ಸಿಕ್ಕುತ್ತದೆ. ಈಚೆಯ ದಡದಲ್ಲಿ, ಆರರಿಂದ ಹದಿನಾರು ವಯಸ್ಸಿನ ಮಗುವಿಗೆ ಶಾಲೆಯ ಹೊರಗೆ ತತ್ಸಮಾನವಾದ ಶಿಕ್ಷಣ ದೊರೆತರೆ ಸಾಕೆಂದು ನ್ಯೂಜೆರ್ಸಿಯ ಶಾಸನ ಹೇಳುತ್ತದೆಯೇ ಹೊರತು, ಆ ಶಿಕ್ಷಣ ದೊರೆಯುತ್ತಿದೆಯೆ ಎಂದು ವಿಚಾರಿಸುವ ಕ್ರಮವನ್ನು ಗೊತ್ತುಮಾಡಿಲ್ಲ. ಹೈಸ್ಕೂಲು ಮಾತ್ರ ಓದಿದ್ದ ಮಾಸಾ ಎಂಬ ಗೃಹಿಣಿಯೊಬ್ಬರು ಮಗಳಿಗೆ ಮನೆಯಲ್ಲಿ ಪಾಠ ಹೇಳಿದುದಕ್ಕಾಗಿ ಮೊಕದ್ದಮೆಗೆ ಗುರಿಯಾಗಿ, ವಕೀಲರನ್ನಿಡದೆ ತಾವೇ ವಾದಿಸಿ, 1967ರಲ್ಲಿ ಗೆದ್ದ ಬಳಿಕ, ಇಲ್ಲಿಯ ತಂದೆತಾಯಿಗಳು ಉಪಾಧ್ಯಾಯರ ಅರ್ಹತಾಪತ್ರವನ್ನು ತೋರಿಸಬೇಕಾದ ಅಗತ್ಯವೂ ಉಳಿಯಲಿಲ್ಲ.

ಆಚೆಯ ದಡದ ಕಥೆಯೇ ಬೇರೆ. ಪೆನ್ಸಿಲ್ವೇನಿಯದ 1988ರ ಕಾಯಿದೆಯಂತೆ, ಪಾಠ ಆರಂಭವಾಗುವ ಮುನ್ನ ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟರಿಗೆ ಅಫಿಡವಿಟ್ ಸಲ್ಲಿಸಬೇಕು; ಅನಂತರ ಪ್ರತಿವರ್ಷವೂ ಆಗಸ್ಟ್ 1ರೊಳಗೆ ಅದನ್ನು ಹೊಸದು ಮಾಡಬೇಕು. ಕಲಿಸುವವರು ಹೈಸ್ಕೂಲು ಮುಗಿಸಿರಬೇಕು. ವರ್ಷಕ್ಕೆ 180 ದಿನ, ಇಲ್ಲವೆ ಕೆಳಗಿನ ತರಗತಿಗಳಲ್ಲಿ 900 ಗಂಟೆ, ಮೇಲಿನ ತರಗತಿಗಳಲ್ಲಿ 990 ಗಂಟೆ ಪಾಠ ನಡೆಯಬೇಕು. ಮೂರು, ಐದು ಮತ್ತು ಎಂಟನೆಯ ತರಗತಿಗಳಲ್ಲಿ ಮಗು ಹೊರಗಿನವರು ನಡೆಸುವ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಓದಿದ ಪುಸ್ತಕಗಳ ಹೆಸರನ್ನು ಅಂದಂದೇ ಬರೆದಿಟ್ಟ ದಿನಚರಿಯೂ, ಮಗುವಿನ ಬರವಣಿಗೆಯ ಮಾದರಿಗಳೂ ಸೇರಿದ ಕಡತವೊಂದಿರಬೇಕು. ಅರ್ಹ ಮೌಲ್ಯಮಾಪಕರು ಅದನ್ನು ನೋಡಿ, ಮಗುವಿನೊಡನೆ ಮಾತನಾಡಿ, ಕೊಡುವ ಪ್ರಮಾಣಪತ್ರವು ಜೂನ್ 30ರೊಳಗೆ ಜಿಲ್ಲೆಯ ಕಚೇರಿಯನ್ನು ಸೇರಬೇಕು. ಬೆಂಕಿಯ ಅಪಾಯ ಮತ್ತು ಅದರ ನಿವಾರಣೆಯ ಪಾಠವನ್ನು ಬಿಡದೆ ಹೇಳಿಕೊಡಬೇಕೆಂಬುದನ್ನು ಕೂಡ ಆ ಕಾಯಿದೆ ಮರೆತಿಲ್ಲ.

ಪಟ್ಟಿಯಾಗಿ ಓದಿದಾಗ ಇದು ಎದೆಗೆಡಿಸುವಂತಿದೆಯೆಂಬುದನ್ನು ಒಪ್ಪುತ್ತೇನೆ. ಲೇಖಕರು ಎದೆಗೆಟ್ಟದ್ದೂ ಈ ಪಟ್ಟಿಯನ್ನು ನೋಡಿಯೇ ಇರಬೇಕು. ಆದರೆ ಅದು ನಡೆಯುವ ರೀತಿಯನ್ನು ನಾನು ಫಿಲಡೆಲ್ಫಿಯದ ಸಮೀಪದ ನಮ್ಮ ಬಂಧುಗಳ ಮನೆಯಲ್ಲಿ ಕುಳಿತು ನೋಡಿದ್ದೇನೆ. ಮೌಲ್ಯಮಾಪನಕ್ಕೆ ಬಂದವರು ನಿವೃತ್ತ ಉಪಾಧ್ಯಾಯಿನಿ; ಅವರನ್ನು ಆರಿಸಿಕೊಂಡವರು ಆ ಮನೆಯ ಹುಡುಗಿಯ ತಂದೆತಾಯಿಗಳೇ. ಊಟದ ಮೇಜಿನ ಮೇಲೆ ಕಡತವನ್ನು ಬಿಚ್ಚಿ, ಸೆಪ್ಟೆಂಬರಿನ ಅಂಕುಡೊಂಕಾದ ಅಕ್ಷರದ ಹಾಳೆಯನ್ನೂ ಮೇ ತಿಂಗಳ ಹಾಳೆಯನ್ನೂ ಅಕ್ಕಪಕ್ಕದಲ್ಲಿಟ್ಟು, ಇವೆರಡರಲ್ಲಿ ಏನು ವ್ಯತ್ಯಾಸವೆಂದು ಅವರು ಹುಡುಗಿಯನ್ನೇ ಕೇಳಿದರು. ಪುಸ್ತಕಗಳ ಪಟ್ಟಿಯಲ್ಲಿ ಕನ್ನಡದಲ್ಲಿ ಬರೆದಿದ್ದ ಪಂಚತಂತ್ರದ ಹೆಸರನ್ನು ಕಂಡು ಅದರಿಂದ ಒಂದು ಕಥೆಯನ್ನು ಹೇಳೆಂದರು; ಹುಡುಗಿ ಮೊಸಳೆಯ ಮತ್ತು ಕೋತಿಯ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವವರೆಗೂ ಕದಲದೆ ಕೇಳಿದರು. ಕಾಯಿದೆಯು ನಿಗದಿಮಾಡಿದ ವಿಷಯಗಳನ್ನು ಇಂಗ್ಲಿಷಿನಲ್ಲಿ ಕಲಿಸತಕ್ಕದ್ದೆಂದು ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕಾಗಿರುವುದು ನಿಜ. ಅದರ ಜೊತೆಗೆ ಕನ್ನಡವನ್ನು ಕಲಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮನೆಯವರಲ್ಲದ ಬಲ್ಲವರೊಬ್ಬರು ತನ್ನ ಓದನ್ನು ಅಷ್ಟು ಆಸಕ್ತಿಯಿಂದ ವಿಚಾರಿಸಿದುದರಿಂದ ಆ ಹುಡುಗಿಯ ಮುಖದಲ್ಲಿ ಮೂಡಿದ ಉತ್ಸಾಹವನ್ನು, ಯಾರೂ ಏನನ್ನೂ ಕೇಳದ ನನ್ನ ರಾಜ್ಯದಲ್ಲಿ ನನ್ನ ಮಕ್ಕಳಿಗೆ ನಾನು ಒದಗಿಸಿಕೊಡಲಾಗಲಿಲ್ಲ.

ಕೇಳದಿರುವ ರಾಜ್ಯಕ್ಕೆ ತಿಳಿಯುವುದೂ ಇಲ್ಲ. ಶಾಲೆಯ ಮುಖವನ್ನೇ ನೋಡದ ಮಗುವೊಂದು ನ್ಯೂಜೆರ್ಸಿಯಲ್ಲಿ ಹತ್ತು ವರ್ಷ ಬೆಳೆದರೂ, ಅದು ಓದುತ್ತಿದೆಯೆ, ಕ್ಷೇಮವಾಗಿದೆಯೆ ಎಂದು ಅರಿಯುವ ಹೊಣೆ ಯಾವ ಶಿಕ್ಷಣಾಧಿಕಾರಿಯ ಮೇಲೂ ಇಲ್ಲ. ಹೆಚ್ಚಿನ ತಂದೆತಾಯಿಗಳು ಪ್ರಾಣವನ್ನೇ ಮುಡುಪಾಗಿಟ್ಟು ಕಲಿಸುತ್ತಾರೆಂಬುದು ಎಷ್ಟು ಸತ್ಯವೋ, ಕಲಿಸದಿರುವವರ ಮಕ್ಕಳಿಗೆ ತಮ್ಮ ಪರವಾಗಿ ಮಾತನಾಡುವವರು ಬೇರೆ ಯಾರೂ ಇಲ್ಲವೆಂಬುದೂ ಅಷ್ಟೇ ಸತ್ಯ. ಅಂತಹ ರಾಜ್ಯವನ್ನು ಲೇಖಕರು ಹಸಿರು ಬಣ್ಣದಿಂದ ಗೌರವಿಸಿರುವುದು ನನಗೆ ವ್ಯಥೆಯನ್ನುಂಟುಮಾಡಿತು.

ತಂದೆತಾಯಿಗಳ ಭಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಟೆಕ್ಸಸ್ಸಿನಲ್ಲಿ ಮನೆಯ ಶಾಲೆಯೂ ಖಾಸಗಿ ಶಾಲೆಯೇ ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಒಪ್ಪುವುದಕ್ಕೆ ಮುಂಚೆ ಎಷ್ಟೋ ಕುಟುಂಬಗಳು ಅಪರಾಧಿಗಳಂತೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದವು; ಮಗುವಿನ ಶಿಕ್ಷಣವನ್ನು ನಿರ್ದೇಶಿಸುವ ತಂದೆತಾಯಿಗಳ ಅಧಿಕಾರವನ್ನು ದೇಶದ ಸರ್ವೋಚ್ಚ ನ್ಯಾಯಾಲಯವು 1925ರ ಪಿಯರ್ಸ್ ತೀರ್ಪಿನಲ್ಲಿಯೂ, ಆಮಿಷ್ ಎಂಬ ಕ್ರೈಸ್ತ ಪಂಗಡದವರ ಪರವಾದ 1972ರ ಯೋಡರ್ ತೀರ್ಪಿನಲ್ಲಿಯೂ ಎತ್ತಿಹಿಡಿಯಬೇಕಾಗಿ ಬಂದುದು ಸರ್ಕಾರಗಳು ಮಿತಿಮೀರಿ ನಡೆದುದರಿಂದಲೇ. ಪೆನ್ಸಿಲ್ವೇನಿಯದಲ್ಲಿಯೂ ಕಡತವನ್ನು ಸೂಪರಿಂಟೆಂಡೆಂಟರ ಮುಂದೆಯೂ ಇರಿಸಬೇಕಾಗಿದ್ದ ನಿಬಂಧನೆಯೊಂದಿದ್ದಿತು. ಅದನ್ನು 2014ರಲ್ಲಿ ತೆಗೆದುಹಾಕಿದರು. ತೆಗೆದುದು ಒಳ್ಳೆಯದೇ ಆಯಿತು. ಆ ವರ್ಷದ ತಿದ್ದುಪಡಿಯಿಂದಲೇ, ಮನೆಯಲ್ಲಿ ಹೈಸ್ಕೂಲು ಮುಗಿಸಿದ ಮಗುವಿನ ಡಿಪ್ಲೊಮಾಕ್ಕೆ ರಾಜ್ಯದ ಮನ್ನಣೆಯೂ ದೊರೆಯಿತು. ಕೇಳುವ ರಾಜ್ಯವು ಹೀಗೆ ಕೊಡುವುದೂ ಉಂಟು.

ನಿಜವಾದ ಅನ್ಯಾಯವಿರುವುದು ಎಡೆ ಬದಲಿಸುವಾಗ, ಮತ್ತು ಅದನ್ನು ಲೇಖನವು ಮುಟ್ಟಿಯೇ ಇಲ್ಲ. ಪೆನ್ಸಿಲ್ವೇನಿಯದ ಒಂದು ಜಿಲ್ಲೆಯಿಂದ ಅದೇ ರಾಜ್ಯದ ಮತ್ತೊಂದು ಜಿಲ್ಲೆಗೆ ವರ್ಷದ ನಡುವೆ ಹೋಗುವವರು ಮೂವತ್ತು ದಿನ ಮುಂಚಿತವಾಗಿ ಕೇಳಿಕೊಂಡರೆ ಸೂಪರಿಂಟೆಂಡೆಂಟರಿಂದ ವರ್ಗಾವಣೆಯ ಪತ್ರ ದೊರೆಯುವ ವ್ಯವಸ್ಥೆಯಿದೆ. ನದಿ ದಾಟಿ ನ್ಯೂಜೆರ್ಸಿಗೆ ಹೋಗುವವರಿಗೆ ಅದಿಲ್ಲ. ಅವರು ವರ್ಷಗಟ್ಟಲೆ ಶ್ರಮಪಟ್ಟು ಕೂಡಿಟ್ಟ ಮೌಲ್ಯಮಾಪಕರ ಪ್ರಮಾಣಪತ್ರಗಳಿಗೆ ಈಚೆಯ ದಡದಲ್ಲಿ ಕಾಯಿದೆಯ ಆಧಾರವಿಲ್ಲ. ಈಚೆಯಿಂದ ಆಚೆಗೆ ಹೋಗುವ ಮಗುವಿನ ಕೈಯಲ್ಲಾದರೋ ತೋರಿಸುವುದಕ್ಕೆ ಅಧಿಕೃತವಾದ ಯಾವ ಕಾಗದವೂ ಇರುವುದಿಲ್ಲ. ಹದಿನಾರು ತುಂಬಿ ಇಲ್ಲಿ ಕಡ್ಡಾಯ ಶಿಕ್ಷಣದಿಂದ ಮುಕ್ತನಾದ ಹುಡುಗ, ಹದಿನೆಂಟರವರೆಗೆ ಕಡ್ಡಾಯವಿರುವ ಆಚೆಯ ದಡವನ್ನು ಮುಟ್ಟಿದೊಡನೆಯೇ ಮತ್ತೆ ಕಾಯಿದೆಯ ಅಧೀನಕ್ಕೆ ಬರುತ್ತಾನೆ. ಮನೆಯವರು ಅದನ್ನು ತಿಳಿಯುವುದು ಬಹುಮಟ್ಟಿಗೆ ಸಾಮಾನು ಇಳಿಸಿದ ಮೇಲೆಯೇ.

ಇದು ಪರಿಹರಿಸಲಾಗದ ತೊಡಕೇನೂ ಅಲ್ಲ. ಸೈನಿಕರ ಮಕ್ಕಳು ಪದೇಪದೇ ಊರು ಬದಲಿಸಬೇಕಾಗಿ ಬಂದು ತರಗತಿ, ಚುಚ್ಚುಮದ್ದು, ದಾಖಲೆಗಳ ವಿಷಯದಲ್ಲಿ ಪಡುತ್ತಿದ್ದ ಪಾಡನ್ನು ಕಂಡು, 2008ರಲ್ಲಿ ರೂಪುಗೊಂಡ ಅಂತರರಾಜ್ಯ ಒಡಂಬಡಿಕೆಯನ್ನು ಕ್ರಮೇಣ ಐವತ್ತು ರಾಜ್ಯಗಳೂ ಅಂಗೀಕರಿಸಿದವು: ಅಧಿಕೃತ ದಾಖಲೆ ಕೈಸೇರುವವರೆಗೆ ತಾತ್ಕಾಲಿಕ ದಾಖಲೆಯನ್ನೇ ನಂಬಿ ಮಗುವನ್ನು ಸೇರಿಸಿಕೊಳ್ಳಬೇಕು, ಚುಚ್ಚುಮದ್ದಿಗೆ ಮೂವತ್ತು ದಿನದ ಅವಕಾಶ ಕೊಡಬೇಕು, ಇತ್ಯಾದಿ. ಅದು ಸರ್ಕಾರಿ ಶಾಲೆಗಳಿಗಷ್ಟೇ ಅನ್ವಯಿಸುತ್ತದೆ. ಐವತ್ತು ರಾಜ್ಯಗಳೂ ಸೈನಿಕರ ಮಕ್ಕಳಿಗಾಗಿ ಒಪ್ಪಿದ ಸೌಜನ್ಯವನ್ನು ನ್ಯೂಜೆರ್ಸಿಯ ಮತ್ತು ಪೆನ್ಸಿಲ್ವೇನಿಯದ ಶಾಸನಸಭೆಗಳು ಮನೆಯಲ್ಲಿ ಕಲಿಯುವ ಮಕ್ಕಳಿಗಾಗಿ ತಮ್ಮಿಬ್ಬರ ನಡುವೆಯಾದರೂ ಒಪ್ಪಬಾರದೇಕೆ? ಒಬ್ಬರ ಮೌಲ್ಯಮಾಪಕರ ಪತ್ರವನ್ನು ಇನ್ನೊಬ್ಬರು ಮಾನ್ಯ ಮಾಡಲಿ. ನ್ಯೂಜೆರ್ಸಿಯು ವರ್ಷಕ್ಕೊಂದು ತಿಳಿವಳಿಕೆಯ ಪತ್ರವನ್ನೂ, ಒಬ್ಬ ಮೌಲ್ಯಮಾಪಕರ ಭೇಟಿಯನ್ನೂ ಕೇಳಲಿ. ಇದಕ್ಕಿಂತ ಹೆಚ್ಚಿನದನ್ನು ನಾನು ಬೇಡುತ್ತಿಲ್ಲ.

ಅಲ್ಲಿಯವರೆಗೆ ನಮ್ಮವರು ಮಾಡಬಹುದಾದುದು ಇಷ್ಟು. ಈಗಿರುವ ರಾಜ್ಯ ಏನನ್ನೂ ಕೇಳದಿದ್ದರೂ, ಮುಂದೆ ಹೋಗಬಹುದಾದ ಅತ್ಯಂತ ಕಠಿಣ ರಾಜ್ಯ ಕೇಳುವುದೆಲ್ಲವನ್ನೂ ಇಂದಿನಿಂದಲೇ ಬರೆದಿಡಲಿ: ಪುಸ್ತಕದ ಹೆಸರು, ದಿನಾಂಕ, ಮಗುವಿನ ಕೈಬರಹದ ಹಾಳೆ, ಚುಚ್ಚುಮದ್ದಿನ ಚೀಟಿ. ತಾವು ಮತ್ತೊಮ್ಮೆ ಈ ವಿಷಯವನ್ನು ಎತ್ತಿಕೊಳ್ಳುವುದಾದರೆ, ಬಣ್ಣದ ನಕ್ಷೆಯ ಬದಲು ಪ್ರತಿಯೊಂದು ರಾಜ್ಯಕ್ಕೂ ಯಾವ ಕಾಗದವನ್ನು ಯಾರಿಗೆ, ಯಾವ ದಿನಾಂಕದೊಳಗೆ ಸಲ್ಲಿಸಬೇಕೆಂಬ ಪಟ್ಟಿಯನ್ನು ಅಚ್ಚುಹಾಕಬೇಕೆಂದು ಪ್ರಾರ್ಥಿಸುತ್ತೇನೆ. ಪೆನ್ಸಿಲ್ವೇನಿಯದ ಭಾಗವನ್ನು ಬರೆದುಕೊಡಲು ನಾನು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗರು
ನ್ಯೂಜೆರ್ಸಿ