ಖಾನೇಸುಮಾರಿಯ ಕಡತಗಳು ಯಾರ ಸ್ವತ್ತು?

ತನ್ನ ಹಿರಿಯರ ಹೆಸರನ್ನು ತಿಳಿಯಬೇಕೆಂಬ ಹಂಬಲವು ಮನುಷ್ಯನಿಗೆ ಸಹಜವಾದುದು. ರಾಯಚೂರು ಸೀಮೆಯ ಗುಂಜಹಳ್ಳಿಯಿಂದಲೋ, ದೇವದುರ್ಗ ಮಾನ್ವಿಗಳ ಕಡೆಯ ಹಳ್ಳಿಯೊಂದರಿಂದಲೋ ಬರಗಾಲದಲ್ಲಿ ಗುಳೆಹೋದ ಮನೆತನದ ಮೊಮ್ಮಗನು ಇಂದು ಊರಿಗೆ ಹಿಂದಿರುಗಿ, ತನ್ನ ಮುತ್ತಜ್ಜನ ಮನೆ ಯಾವ ಓಣಿಯಲ್ಲಿತ್ತು, ಅದರಲ್ಲಿ ಯಾರು ಯಾರಿದ್ದರು ಎಂದು ಕೇಳಿದರೆ ಉತ್ತರ ಕೊಡುವವರಾರು? ಹತ್ತು ವರ್ಷಕ್ಕೊಮ್ಮೆ ಮನೆಬಾಗಿಲಿಗೆ ಬಂದು ತಲೆಯೆಣಿಸಿದ ಸರಕಾರವು ಕೊಡಬೇಕಾಗಿತ್ತು. ಅದು ಕೊಡಲಾರದು. ಏಕೆ ಕೊಡಲಾರದೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವಾಗಿದೆ.

ಸರಕಾರಿ ಗ್ರಂಥಗಳ ಮೇಲೆ ಸರಕಾರದ ಗ್ರಂಥಸ್ವಾಮ್ಯವಿರುವುದರಿಂದ ಹಳೆಯ ಖಾನೇಸುಮಾರಿಯ ವರದಿಗಳನ್ನು ಪ್ರತಿಮಾಡಿ ಹಂಚಬಾರದೆಂದು ಹಲವರು ನಂಬಿದ್ದಾರೆ. ಇದು ತಪ್ಪು ತಿಳಿವಳಿಕೆ. 1957ರ ಗ್ರಂಥಸ್ವಾಮ್ಯ ಕಾಯಿದೆಯ 28ನೆಯ ಕಲಮಿನಂತೆ ಸರಕಾರಿ ಕೃತಿಯ ಸ್ವಾಮ್ಯವು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷಗಳವರೆಗೆ ಮಾತ್ರ ನಡೆಯುತ್ತದೆ. ಹೈದರಾಬಾದು ಸಂಸ್ಥಾನದಲ್ಲಿ 1881ರಲ್ಲಿ ಆರಂಭವಾದ ಖಾನೇಸುಮಾರಿಯ ವರದಿಗಳಾಗಲಿ, ಹಳ್ಳಿಹಳ್ಳಿಯ ಮನೆಗಳ ಹಾಗೂ ಜನರ ಲೆಕ್ಕವನ್ನು ಕೊಡುವ 1951ರ ಜಿಲ್ಲಾ ಕೈಪಿಡಿಗಳಾಗಲಿ ಇಂದು ಯಾರ ಸ್ವಾಮ್ಯಕ್ಕೂ ಒಳಪಟ್ಟಿಲ್ಲ. ಅವು ಪ್ರಜೆಗಳ ಸ್ವತ್ತು. ಅವುಗಳನ್ನು ಪ್ರತಿಮಾಡಿ ತಾಲೂಕಿನ ಪ್ರತಿಯೊಂದು ವಾಚನಾಲಯದಲ್ಲಿ ಇಡುವುದಕ್ಕೆ ಯಾವ ಕಾಯಿದೆಯೂ ಅಡ್ಡಿಯಾಗದು. ಅಡ್ಡಿಯಾಗಿರುವುದು ನಮ್ಮ ಔದಾಸೀನ್ಯವೊಂದೇ.

ಆದರೆ ಈ ಗ್ರಂಥಗಳಲ್ಲಿ ಅಂಕಿಗಳಿವೆ, ಹೆಸರುಗಳಿಲ್ಲ. ಹೆಸರುಗಳಿದ್ದುದು ಎಣಿಕೆದಾರನು ಬರೆದುಕೊಂಡ ಚೀಟಿಗಳಲ್ಲಿ. ಅಂಕಿಗಳನ್ನು ಕೂಡಿಸಿ ಮುಗಿದೊಡನೆ ಆ ಚೀಟಿಗಳನ್ನು ನಾಶಪಡಿಸುವುದು ರೂಢಿಯಾಗಿ ಬಂದಿದೆ. ಉಳಿದವುಗಳನ್ನಾದರೂ ನೋಡೋಣವೆಂದರೆ, 1948ರ ಜನಗಣತಿ ಕಾಯಿದೆಯ 15ನೆಯ ಕಲಮು ಅವುಗಳನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲವೆಂದು ಸಾರುತ್ತದೆ. ಇಷ್ಟು ವರ್ಷಗಳಾದ ಮೇಲೆ ನೋಡಬಹುದೆಂಬ ಅವಧಿಯನ್ನೂ ಅದು ಹೇಳುವುದಿಲ್ಲ. ಅಂದರೆ ಗ್ರಂಥಸ್ವಾಮ್ಯಕ್ಕೆ ಕೊನೆಯುಂಟು, ಗೋಪ್ಯತೆಗೆ ಕೊನೆಯಿಲ್ಲ!

ಇದರಿಂದ ನಷ್ಟವಾದುದು ಯಾರಿಗೆ? ಭೂಮಿಯುಳ್ಳವನ ಹೆಸರು ಪಹಣಿಯಲ್ಲಿ ಉಳಿಯಿತು. ಸುಗ್ಗಿಯ ಕಾಲಕ್ಕೆ ಎತ್ತನ್ನೇರಿ ಬರುವ ಹೆಳವರಿಗೆ ಕಾಳು ಅಳೆದು ಕೊಡಬಲ್ಲವನ ಪೀಳಿಗೆಯು ಅವರ ಬಾಯಲ್ಲಿಯೂ ಹೊತ್ತಿಗೆಯಲ್ಲಿಯೂ ಉಳಿಯಿತು. (ಹೆಳವರ ಆ ಹೊತ್ತಿಗೆಗಳು ಅವರ ಅನ್ನ, ಅವರ ಒಪ್ಪಿಗೆಯೂ ಪ್ರತಿಫಲವೂ ಇಲ್ಲದೆ ಅವುಗಳನ್ನು ನಕಲುಮಾಡುವುದು ಅನ್ಯಾಯವೆಂದು ಇಲ್ಲಿಯೇ ಹೇಳಿಬಿಡುತ್ತೇವೆ.) ಭೂಮಿಯೂ ಇಲ್ಲದೆ ಕಾಳೂ ಇಲ್ಲದೆ ಬದುಕಿದ ಕೂಲಿಕಾರನ ಹೆಸರು ಎಲ್ಲಿ ಉಳಿಯಬೇಕು? ಪಹಣಿಯಲ್ಲಿ ಅಪರೂಪವಾಗಿ ಮಾತ್ರ ಕಾಣಿಸಿಕೊಂಡ ಅವ್ವ, ಅಕ್ಕ, ತಂಗಿಯರ ಹೆಸರು ಎಲ್ಲಿ ಉಳಿಯಬೇಕು? ಗುಡಿಸಲನ್ನೂ ವಾಡೆಯನ್ನೂ ಒಂದೇ ಸಮನಾಗಿ ಎಣಿಸಿದ ಪುಸ್ತಕವು ಖಾನೇಸುಮಾರಿಯೊಂದೇ. ಅದನ್ನು ಸುಟ್ಟರೆ ಬಡವನ ವಂಶಾವಳಿಯನ್ನೇ ಸುಟ್ಟಂತೆ.

ಪರದೇಶಗಳ ಪದ್ಧತಿಯನ್ನು ನೋಡಿರಿ. ಇಂಗ್ಲೆಂಡಿನಲ್ಲಿ ನೂರು ವರ್ಷ ಗೋಪ್ಯವಾಗಿಟ್ಟು, 1921ರ ಹಾಳೆಗಳನ್ನು 2022ರ ಜನವರಿಯಲ್ಲಿ ತೆರೆದರು. ಅಮೆರಿಕದಲ್ಲಿ ಅವಧಿಯು 72 ವರ್ಷ. 1950ರ ಹಾಳೆಗಳು 2022ರ ಏಪ್ರಿಲಿನಲ್ಲಿ ಹೊರಬಂದವು. ನಮ್ಮಂತೆಯೇ ಪರರ ಆಳ್ವಿಕೆಯನ್ನು ಅನುಭವಿಸಿದ ಐರ್ಲೆಂಡಿನ ಕಥೆ ಇನ್ನೂ ಬೋಧಪ್ರದವಾಗಿದೆ. ಅಲ್ಲಿಯ 1881, 1891ರ ಹಾಳೆಗಳನ್ನು ಮೊದಲನೆಯ ಮಹಾಯುದ್ಧದ ಕಾಲದ ಕಾಗದದ ಅಭಾವದಲ್ಲಿ ಅರೆದುಹಾಕಲಾಯಿತು. ಅಳಿದುಳಿದ 1901, 1911ರ ಹಾಳೆಗಳನ್ನು ಸ್ವತಂತ್ರ ಐರಿಷ್ ಸರಕಾರವು ಪ್ರತಿಯೊಬ್ಬನಿಗೂ ಬಿಡಿಗಾಸಿಲ್ಲದೆ ಕಾಣುವಂತೆ ಮಾಡಿದೆ. ಇಂಗ್ಲೆಂಡಿನವರಾದರೋ 1921ರ ಹಾಳೆಗಳನ್ನು ಖಾಸಗಿ ಕಂಪನಿಯೊಂದರ ಮೂಲಕ ಹಣಕ್ಕೆ ತೋರಿಸಲು ಮೊದಲುಮಾಡಿದರು. ನಾವು ಅನುಸರಿಸಬೇಕಾದುದು ಐರಿಷರ ದಾರಿಯನ್ನೇ ಹೊರತು ವ್ಯಾಪಾರದ ದಾರಿಯನ್ನಲ್ಲ.

ಗೋಪ್ಯತೆಯ ಕಲಮಿನ ಹಿಂದಿರುವ ವಿವೇಕವನ್ನು ನಾವು ಅಲ್ಲಗಳೆಯುವುದಿಲ್ಲ. ಹೇಳಿದ ಮಾತು ನಾಳೆ ಕಚೇರಿಯಲ್ಲಿ ತನಗೆ ಮುಳುವಾದೀತೆಂಬ ಭಯವಿದ್ದರೆ ಯಾವ ಪ್ರಜೆಯೂ ಎಣಿಕೆದಾರನ ಮುಂದೆ ನಿಜವನ್ನಾಡಲಾರನು. ಜಾತಿಮತಗಳ ವಿವರವು ದುಷ್ಟರ ಕೈಗೆ ಸಿಕ್ಕರೆ ಆಗಬಹುದಾದ ಅನರ್ಥವನ್ನೂ ನಾವು ಬಲ್ಲೆವು. ಆದುದರಿಂದ ಬದುಕಿರುವವರ ವಿಷಯದಲ್ಲಿ ಗೋಪ್ಯತೆಯು ಕೂದಲೆಳೆಯಷ್ಟೂ ಸಡಿಲವಾಗಕೂಡದು. ಆದರೆ ನೂರು ವರ್ಷಗಳ ಹಿಂದೆ ಎಣಿಸಲ್ಪಟ್ಟವರ ಮೊಮ್ಮಕ್ಕಳಿಂದ ಅವರ ಹೆಸರನ್ನು ಬಚ್ಚಿಡುವುದರಿಂದ ರಕ್ಷಣೆಯಾಗುವುದು ಯಾರದು?

2025ರ ಜೂನ್ 16ರ ಅಧಿಸೂಚನೆಯಲ್ಲಿ ಭಾರತ ಸರಕಾರವು 2027ರ ಮಾರ್ಚ್ 1ನ್ನು ಹೊಸ ಗಣತಿಯ ದಿನವಾಗಿ ಗೊತ್ತುಮಾಡಿತು. ಎಣಿಕೆಯು ಈ ಸಲ ಕಾಗದವನ್ನು ಬಿಟ್ಟು ಮೊಬೈಲ್ ಯಂತ್ರವನ್ನು ಹಿಡಿದಿದೆ. ಚೀಟಿಗಳನ್ನಿಡಲು ಸ್ಥಳವಿಲ್ಲವೆಂಬ ಹಳೆಯ ನೆಪವು ಇನ್ನು ನಡೆಯದು. ಈ ಗಣತಿಯ ಮನೆವಾರು ದಾಖಲೆಯನ್ನು ನಾಶಪಡಿಸದೆ, ದಿಲ್ಲಿಯ ರಾಷ್ಟ್ರೀಯ ದಫ್ತರಖಾನೆಯಲ್ಲಿ ಮುದ್ರೆಯೊತ್ತಿ ಇಡಬೇಕು. ನೂರು ವರ್ಷಗಳವರೆಗೆ ಯಾವ ಅಧಿಕಾರಿಗೂ ತೆರೆಯದೆ, ಅನಂತರ ಸರ್ವರಿಗೂ ಧರ್ಮಾರ್ಥವಾಗಿ ತೆರೆಯುವಂತೆ 15ನೆಯ ಕಲಮನ್ನು ತಿದ್ದಬೇಕು. ನಮ್ಮ ಲೋಕಸಭಾ ಸದಸ್ಯರು ಈ ಮಾತನ್ನು ಸಭೆಯಲ್ಲೆತ್ತುವರೆಂದು ನಾವು ಆಶಿಸುತ್ತೇವೆ.

ಸರಕಾರವು ಎಚ್ಚರಗೊಳ್ಳುವವರೆಗೆ ವಾಚಕರೂ ಸುಮ್ಮನಿರಬಾರದು. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಇಂದು ಸಂಜೆಯೇ ಅವರ ಬಳಿ ಕುಳಿತು, ಅವರು ಬಲ್ಲ ಹಿರಿಯರ ಹೆಸರುಗಳನ್ನು, ಹೆಣ್ಣುಮಕ್ಕಳ ಹೆಸರನ್ನು ಬಿಡದೆ, ಬರೆದಿಟ್ಟುಕೊಳ್ಳಿರಿ. ಆ ದಫ್ತರಕ್ಕೆ ಬೀಗವಿಲ್ಲ; ಆದರೆ ಅದು ಬಹಳ ದಿನ ತೆರೆದಿರುವುದೂ ಇಲ್ಲ.